ಅವ್ವನ ಪುಸ್ತಕದ ಚೀಟಿಗಳು

ಮೂವತ್ಮೂರು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಅದಕ್ಕೂ ಮೊದಲು ಒಂಬತ್ತು ವರ್ಷ ಔರಾದಿನ ಒಂದು ಖಾಸಗಿ ಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದೆ. ಕೊರೋನಾ ಬಂದಾಗ ಶಾಲೆ ಮುಚ್ಚಿತು, ಕೊರೋನಾ ಹೋದ ಮೇಲೂ ತೆರೆಯಲಿಲ್ಲ. ಬೀದರಿಗೆ ಬಂದು ಅಲ್ಲಿನ ಮೈಲೂರು ಬಡಾವಣೆಯ ಅವ್ವನ ಮನೆಯಲ್ಲಿ ಕೂತೆ. ನನ್ನ ಮದುವೆಯ ಮಾತನ್ನು ಅಷ್ಟರಲ್ಲಿ ನೆಂಟರೆಲ್ಲ ಕೈಬಿಟ್ಟಿದ್ದರು, ಅದೊಂದು ಸುಖವಿತ್ತು. ಎ.ಎನ್.ಎಂ. ಕೋರ್ಸಿನ ಅರ್ಜಿ ತರಿಸಿದವಳು ಅವ್ವನೇ. ಹಳ್ಳಿಗಳಲ್ಲಿ ಬಸುರಿಯರನ್ನು, ಬಾಣಂತಿಯರನ್ನು, ಕೂಸುಗಳನ್ನು ನೋಡಿಕೊಳ್ಳುವ ನರ್ಸ್‌ಬಾಯಿಯ ಎರಡು ವರ್ಷದ ಓದು ಅದು. ಸೇರಲು ವಯಸ್ಸಿನ ಮಿತಿ ಇತ್ತು, ನಾನು ಅದರ ಅಂಚಿನಲ್ಲಿದ್ದೆ. ಈ ಸಲ ಬಿಟ್ಟರೆ ಮತ್ತೊಂದು ಸಲ ಇರಲಿಲ್ಲ.

ಅವ್ವ ಮಿಶನ್ ದವಾಖಾನೆಯಲ್ಲಿ ನರ್ಸಾಗಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಹೆಣ್ಣುಮಕ್ಕಳು ಒಂದೋ ಟೀಚರು, ಇಲ್ಲವೋ ನರ್ಸು. ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಬಂದವಳು ನಾನೊಬ್ಬಳೇ ಇರಬೇಕು. ನನಗೆ ಬಹಮನಿ ಸುಲ್ತಾನರ ಸಾಲು ಬಾಯಿಪಾಠ, ಆದರೆ ಮನುಷ್ಯನ ಮೈಯೊಳಗೆ ಏನೇನು ಎಲ್ಲೆಲ್ಲಿದೆ ಎಂಬುದು ಗೊತ್ತಿರಲಿಲ್ಲ. ಪಿಯುಸಿಯಲ್ಲಿ ಕಪ್ಪೆ ಕೊಯ್ಯುವುದನ್ನು ತಪ್ಪಿಸಿಕೊಳ್ಳಲೆಂದೇ ಆರ್ಟ್ಸ್ ತೆಗೆದುಕೊಂಡವಳು ನಾನು.

ಕಾಲೇಜಿನವರು ಹೇಳಿದ ಹೊಸ ಪುಸ್ತಕ ಕೊಂಡೆ. ಇಟ್ಟಿಗೆಯಷ್ಟು ದಪ್ಪ, ಬಣ್ಣಬಣ್ಣದ ಚೌಕಗಳು, ಪ್ರತಿ ಪುಟದಲ್ಲೂ ಒಂದು ಪಟ್ಟಿ. ಏನು ಮಾಡಬೇಕು ಎಂದು ಹೇಳುತ್ತಿತ್ತು, ಯಾಕೆ ಎಂದು ಹೇಳುವ ಪುರುಸೊತ್ತು ಅದಕ್ಕಿರಲಿಲ್ಲ. ಹದಿನೆಂಟರ ಹುಡುಗಿಯರು ಆ ಪಟ್ಟಿಗಳನ್ನು ಹಾಡಿನಂತೆ ಬಾಯಿಗೆ ಹಾಕಿಕೊಂಡರು. ನನ್ನ ಬಾಯಿಗೆ ಅವು ಹತ್ತಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಬಂದ ಅಂಕವನ್ನು ಇಲ್ಲಿ ಬರೆಯುವುದಿಲ್ಲ.

ಆಗ ಅವ್ವ ತನ್ನ ಟ್ರಂಕಿನಿಂದ ಒಂದು ಪುಸ್ತಕ ತೆಗೆದಳು. ಅವಳು ಕೆಲಸಕ್ಕೆ ಸೇರಿದ ದಿನ ದವಾಖಾನೆಯವರು ಅವಳ ಕೈಗೆ ಕೊಟ್ಟ ಪುಸ್ತಕ, ನಿವೃತ್ತಿಯ ದಿನ ಅದನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು. ಕನ್ನಡದಲ್ಲಿತ್ತು. ಚಿತ್ರಗಳೆಲ್ಲ ಗೆರೆಯವು. ಮೊದಲ ಪಾಠ ಓದುತ್ತಿದ್ದಂತೆ ನನ್ನ ಎದೆಯ ಭಾರ ಇಳಿಯಿತು. ಯಾರೋ ಎದುರಿಗೆ ಕೂತು, ನನ್ನ ದಡ್ಡತನವನ್ನು ಮೊದಲೇ ಕ್ಷಮಿಸಿ, ನಿಧಾನಕ್ಕೆ ಹೇಳುವ ಭಾಷೆ. ನಾಡಿ ಎಂದರೇನು, ಅದು ಮಣಿಕಟ್ಟಿನಲ್ಲೇ ಯಾಕೆ ಸಿಗುತ್ತದೆ, ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಕೂಸಿನ ತಲೆ ಯಾವುದು ಕುಂಡಿ ಯಾವುದು ಎಂದು ಹೇಗೆ ತಿಳಿಯುತ್ತದೆ, ಎಲ್ಲ ಇತ್ತು. ಇದನ್ನು ಓದಿದ ಮೇಲೆ ಹೊಸ ಪುಸ್ತಕದ ಪಟ್ಟಿಗಳೂ ಅರ್ಥವಾಗತೊಡಗಿದವು. ನಾನು ಹಳೆಯದರ ಪಕ್ಷ ವಹಿಸಿದೆ. ಒಂಬತ್ತು ವರ್ಷ ಇತಿಹಾಸ ಹೇಳಿದವಳು ಇನ್ನೇನು ಮಾಡುತ್ತಾಳೆ?

ಅವ್ವನಿಗೆ ಆದ ಸಂತೋಷ ಹೇಳತೀರದು. ಅವಳ ಎರಡೂ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ, ಆಪರೇಶನ್ನಿಗೆ ಇನ್ನೂ ದಿನ ಗೊತ್ತಾಗಿರಲಿಲ್ಲ. ಮೊದಮೊದಲ ಪಾಠಗಳನ್ನು ನಾನು ಗಟ್ಟಿಯಾಗಿ ಓದಿದರೆ ಅವಳು ಮುಂದಿನ ಸಾಲು ಹೇಳುತ್ತಿದ್ದಳು. ಚರ್ಚಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು: "ನಮ್ಮಾಕಿ ನನ್ನ ಪುಸ್ತಕಾನೇ ಓದಾಕತ್ಯಾಳ."

ಒಂದೇ ತೊಂದರೆ, ಆ ಪುಸ್ತಕ ಬಿರಿದಿತ್ತು. ಹೊಲಿಗೆ ಬಿಚ್ಚಿತ್ತು, ಹಾಳೆಗಳ ನಡುವೆ ನಾಲ್ಕು ಮಡಿಕೆಯ ಸಣ್ಣಸಣ್ಣ ಚೀಟಿಗಳು ತುಂಬಿ ಅದು ಬಾಯಿ ತೆರೆದುಕೊಂಡೇ ಇರುತ್ತಿತ್ತು. ಬೈಂಡ್ ಮಾಡಿಸಲು ಒಯ್ಯುವ ಮುಂಚೆ ನಾನು ಆ ಚೀಟಿಗಳನ್ನು ತೆಗೆದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಚರ್ಚಿನಲ್ಲಿ ಹೊಸ ವರ್ಷದ ಬೆಳಿಗ್ಗೆ ಪ್ರತಿಯೊಬ್ಬರೂ ಒಂದು ಡಬ್ಬಿಯೊಳಗೆ ಕೈ ಹಾಕಿ ಒಂದು ವಾಗ್ದಾನದ ಚೀಟಿ ತೆಗೆಯುತ್ತಾರೆ. ಅದರಲ್ಲಿ ಬೈಬಲ್ಲಿನ ಒಂದು ವಚನ ಇರುತ್ತದೆ, ಅದು ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ಅಕ್ಷರ ದುಂಡಗಿದೆ ಎಂದು ಆ ಚೀಟಿಗಳನ್ನು ಎಷ್ಟೋ ವರ್ಷ ಅವ್ವನೇ ಬರೆದಳು. ಈಚೆಗೆ ಪ್ರಿಂಟಾದ ಕಾರ್ಡು ಬರತೊಡಗಿದ ಮೇಲೆ, ಉಳಿದ ಚೀಟಿಗಳ ಡಬ್ಬಿ ನಮ್ಮ ಮನೆಯ ಗೋಡೆಯ ಮಾಡದಲ್ಲಿ ಬಂದು ಕೂತಿತ್ತು. ಪುಸ್ತಕದ ಚೀಟಿಗಳೂ ಅದೇ ಅಳತೆ, ಅದೇ ಮಡಿಕೆ. ಮೊದಲ ಹಾಳೆಯಲ್ಲಿದ್ದುದನ್ನು ಬಿಚ್ಚಿ ನೋಡಿದೆ. ಬೈಬಲ್ಲಿನ ಕೀರ್ತನೆಯ ಒಂದು ಸಾಲು. ಎರಡನೆಯದನ್ನು ಬಿಚ್ಚುವ ಕಷ್ಟ ತೆಗೆದುಕೊಳ್ಳಲಿಲ್ಲ. ದೇವರ ಮಾತು ಬೈಂಡರನ ಕಸದಲ್ಲಿ ಬೀಳಬಾರದು ಎಂಬ ಭಕ್ತಿಯಿಂದ ಎಲ್ಲವನ್ನೂ ಒಟ್ಟುಮಾಡಿ ಡಬ್ಬಿಗೆ ಸುರಿದೆ. ಅವ್ವನಿಗೆ ಹೇಳಬೇಕೆಂದು ಕೂಡ ನನಗೆ ಅನಿಸಲಿಲ್ಲ. ಒಂದೇ ಆಧಾರ ನೋಡಿ ತೀರ್ಮಾನಕ್ಕೆ ಬರಬೇಡಿ ಎಂದು ಮಕ್ಕಳಿಗೆ ಒಂಬತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು.

ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಹಳೆಯ ಪುಸ್ತಕ ಮಾರುವ, ಬೈಂಡಿಂಗನ್ನೂ ಮಾಡುವ ಒಬ್ಬ ಮುದುಕರಿದ್ದರು. ನಾನು ಚಾಚಾ ಎನ್ನುತ್ತಿದ್ದೆ. ಅವರು ಯಾವ ಪುಸ್ತಕ ಕೈಗೆ ಬಂದರೂ ಹೆಸರು ನೋಡುತ್ತಿರಲಿಲ್ಲ, ಮೊದಲು ಅಚ್ಚಾದ ವರ್ಷ ಹುಡುಕುತ್ತಿದ್ದರು. ಅವ್ವನ ಪುಸ್ತಕವನ್ನೂ ಹಾಗೇ ತಿರುಗಿಸಿ ನೋಡಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮೇಡಂ, ಇದು ಯಾದಗಾರಿ ಅಂತ ಇಟ್ಕೊಳ್ಳಾಕೋ, ಪಢಾಯಿಗೋ?"

"ಓದಾಕ ಚಾಚಾ. ನರ್ಸಿಂಗಿಗೆ ಸೇರೀನ್ರಿ."

"ಅರೆ, ಬ್ಯಾಡ್ರಿ." ಅವರು ಕೈ ಆಡಿಸಿದರು. "ಶಾಯರಿ ಹಳೇದು ಕೊಡ್ತೇನಿ, ವ್ಯಾಕರಣ ಹಳೇದು ಕೊಡ್ತೇನಿ. ಡಾಕ್ಟರಿ, ಕಾನೂನು ಹಳೇದಿದ್ರ ನಾ ಮಾರಂಗಿಲ್ಲ. ಅಲ್ನೋಡ್ರಿ, ಶೇಂಗಾ ಕಟ್ಟಾಕ ಕೊಡ್ತೇನಿ." ಅಂಗಡಿಯ ಮೂಲೆಯಲ್ಲಿ ರದ್ದಿಯ ರಾಶಿ ಇತ್ತು. "ಕಿತಾಬಿನ ಉಮರ್ ನೋಡಬ್ಯಾಡ್ರಿ. ಒಳಗಿನ ಇಲ್ಮ್, ತಿಳಿವಳಿಕಿ, ಎಷ್ಟು ದಿನಕ್ಕ ಬದಲಾಗ್ತದ, ಅದು ನೋಡ್ರಿ."

"ಕೂಸು ಹುಟ್ಟೋದು ಬದಲಾಗ್ತದೇನ್ರಿ ಚಾಚಾ?" ಎಂದು ನಾನು ನಕ್ಕೆ. ಬಹಳ ಜಾಣತನದ ಮಾತು ಆಡಿದೆ ಎಂದುಕೊಂಡಿದ್ದೆ. ಅವರು ಸೂಜಿಗೆ ದಾರ ಪೋಣಿಸಿದರು. ನಾಲ್ಕು ದಿನಕ್ಕೆ ಪುಸ್ತಕ ಕೆಂಪು ಬಟ್ಟೆಯ ಬೆನ್ನು ಹಾಕಿಕೊಂಡು ಗಟ್ಟಿಮುಟ್ಟಾಗಿ ಬಂತು, ಹೊಸ ಮದುಮಗಳ ಹಾಗೆ.

ಅಲ್ಲಿಂದ ಎರಡೂ ಪುಸ್ತಕಕ್ಕೆ ಕೆಲಸ ಹಂಚಿದೆ. ಪರೀಕ್ಷೆಗೆ ಹೊಸದು, ತಿಳಿವಿಗೆ ಹಳೆಯದು. ಇದು ಒಳ್ಳೆಯ ವ್ಯವಸ್ಥೆ ಎಂದು ನನಗೆ ಈಗಲೂ ಅನಿಸುತ್ತದೆ. ತಪ್ಪಿದ್ದು ಒಂದೇ ಕಡೆ. ತಲೆ ಹೊಸದನ್ನು ಬರೆಯುತ್ತಿತ್ತು, ಆದರೆ ಕೈ ಮಾತ್ರ ಹಳೆಯದನ್ನು ಕಲಿಯುತ್ತಿತ್ತು. ಹುಟ್ಟಿದ ಕೂಸಿಗೆ ಮೊದಲ ದಿನ ಸ್ನಾನ ಮಾಡಿಸಬಾರದು ಎಂದು ಹೊಸ ಪುಸ್ತಕದ ಪಟ್ಟಿಯ ಮೂರನೇ ಸಾಲಿನಲ್ಲಿತ್ತು, ಅದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅವ್ವನ ಪುಸ್ತಕದಲ್ಲಿ ಸ್ನಾನಕ್ಕೆ ಎರಡು ಪುಟ. ಬೋಗುಣಿ ಎಲ್ಲಿಡಬೇಕು, ಎಡಗೈಯಲ್ಲಿ ಕತ್ತು ಹೇಗೆ ಆನಿಸಿಕೊಳ್ಳಬೇಕು, ಮೊಳಕೈ ಅದ್ದಿ ನೀರಿನ ಬಿಸಿ ಹೇಗೆ ನೋಡಬೇಕು, ಐದು ಚಿತ್ರಗಳು. ಓದಿ ಓದಿ ನಾನು ಮನೆಯಲ್ಲಿ ತಲೆದಿಂಬನ್ನು ಹಿಡಿದು ಅಭ್ಯಾಸ ಕೂಡ ಮಾಡಿದ್ದೆ.

ಡಿಸೆಂಬರಿನಲ್ಲಿ ನಮ್ಮನ್ನು ಪ್ರಾಕ್ಟಿಕಲ್ಸಿಗೆ ಭಾಲ್ಕಿಯ ಒಂದು ದವಾಖಾನೆಗೆ ಹಾಕಿದರು. ಬೀದರಿನಿಂದ ಬೆಳಗಿನ ಬಸ್ಸಿಗೆ ಹೋಗಿ ಬರುವುದು. ನೋಡಿದ, ಮಾಡಿಸಿದ ಹೆರಿಗೆಗಳನ್ನೆಲ್ಲ ಕೇಸ್ ಬುಕ್ಕಿನಲ್ಲಿ ಬರೆದು ಅಲ್ಲಿನ ಸಿಸ್ಟರ್ ಸಹಿ ತೆಗೆದುಕೊಳ್ಳಬೇಕು. ಸಹಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಸಿಸ್ಟರ್ ನನಗಿಂತ ಆರೇಳು ವರ್ಷ ಚಿಕ್ಕವಳು, ಚುರುಕು, ಮಾತು ಕಡಿಮೆ.

ಆ ವಾರ ಥಂಡಿ ಜೋರಿತ್ತು. ಶನಿವಾರ ಬೆಳಿಗ್ಗೆ ಔರಾದ ಕಡೆಯ ಒಂದು ಹುಡುಗಿಗೆ ಚೊಚ್ಚಲ ಹೆರಿಗೆ. ಹುಷಾರಿ ತೋರಿಸಬೇಕೆಂದು ನಾನು ಯಾರೂ ಹೇಳದೆಯೇ ನೀರು ಕಾಯಿಸಿ ಬೋಗುಣಿಗೆ ಹಾಕಿ, ಮೊಳಕೈ ಅದ್ದಿ ನೋಡಿ, ಟವೆಲ್ಲು ಹಾಸಿ ಇಟ್ಟಿದ್ದೆ. ಗಂಡುಕೂಸು ಬಂತು, ಸಣ್ಣದು, ಅತ್ತಿತು. ಸಿಸ್ಟರ್ ಹೊಕ್ಕಳಬಳ್ಳಿ ಕತ್ತರಿಸಿ, ಒರೆಸಿ ನನ್ನ ಕೈಗೆ ಕೊಟ್ಟಳು. ತಾಯಿಯ ಎದೆಯ ಮೇಲೆ ಹಾಕಲಿ ಎಂದೇ ಅವಳು ಕೊಟ್ಟದ್ದು. ನಾನು ತಿರುಗಿ ಬೋಗುಣಿಯ ಕಡೆಗೆ ನಡೆದೆ.

"ಏಯ್, ಎಲ್ಲಿಗ್ರಿ?"

"ಸ್ನಾನಕ್ಕ್ರಿ."

ಅವಳು ಎರಡು ಹೆಜ್ಜೆಯಲ್ಲಿ ಬಂದು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡಳು. ತಾಯಿಯ ಎದೆಗೆ ಹಾಕಿ, ಮೇಲೆ ಎರಡು ಬಟ್ಟೆ ಹೊದಿಸಿ, ತಲೆಗೆ ಟೋಪಿ ಹಾಕಿದಳು. ಆಮೇಲೆ ಬೋಗುಣಿ ಎತ್ತಿ ನೀರನ್ನು ಮೋರಿಗೆ ಚೆಲ್ಲಿದಳು. ಬೈಯಲಿಲ್ಲ. ಬೈದಿದ್ದರೆ ನನಗೂ ಸಿಟ್ಟು ಮಾಡಲು ಅನುಕೂಲವಾಗುತ್ತಿತ್ತು.

"ಯಾರು ಹೇಳಿಕೊಟ್ಟಾರ ನಿಮಗ ಇದು?"

"ಪುಸ್ತಕದಾಗ ಅದರಿ."

"ಯಾವ ಪುಸ್ತಕದಾಗ?"

ನಾನು ಹಾಸಿಟ್ಟಿದ್ದ ಟವೆಲ್ಲನ್ನು ಮಡಿಸತೊಡಗಿದೆ. ಅವಳು ನನ್ನ ಕೇಸ್ ಬುಕ್ಕನ್ನು ಮುಚ್ಚಿ ನನ್ನ ಕಡೆ ಸರಿಸಿದಳು. "ಆ ಪುಸ್ತಕ ತಂದು ತೋರಸ್ರಿ. ಅಲ್ಲೀತನಕ ಕೂಸಿಗೆ ಕೈ ಹಚ್ಚಬ್ಯಾಡ್ರಿ. ಸಹೀನೂ ಹಾಕಂಗಿಲ್ಲ ನಾ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬೀದರಿನ ತನಕ ಒಂದೇ ಲೆಕ್ಕ ಹಾಕಿದೆ: ಸಹಿ ಇಲ್ಲ, ಪರೀಕ್ಷೆ ಇಲ್ಲ, ಕೋರ್ಸು ಬಿಟ್ಟರೆ ಮತ್ತೆ ಸೇರುವ ವಯಸ್ಸಿಲ್ಲ. ನಡುವೆ ಆ ಸಣ್ಣ ಕೂಸಿನ ನೆನಪಾಗುತ್ತಿತ್ತು. ಅದಕ್ಕೆ ಹೆದರಿದ್ದೆ ನಾನು, ನಿಜ. ಆದರೆ ಮನೆ ಮುಟ್ಟುವ ಹೊತ್ತಿಗೆ ಹೆದರಿಕೆಯನ್ನೆಲ್ಲ ಸಿಟ್ಟಾಗಿ ಮಾಡಿಕೊಂಡಿದ್ದೆ, ಸಿಟ್ಟಿಗೆ ಯಾರಾದರೂ ಒಬ್ಬರು ಬೇಕಲ್ಲ.

ಅವ್ವ ಹೊಸ್ತಿಲ ಬಿಸಿಲಿಗೆ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ. ನಾನು ಚಪ್ಪಲಿಯನ್ನೂ ಬಿಡದೆ ಹೇಳಿದೆ: "ನಿನ್ನ ಪುಸ್ತಕ ನನ್ನ ಮುಳುಗಿಸ್ತು ಅವ್ವಾ. ಹುಟ್ಟಿದ ಕೂಸಿಗೆ ಜಳಕಾ ಮಾಡಿಸು ಅಂತದ ಅದು. ನೀ ಇಷ್ಟು ವರ್ಷ ಇದನ್ನ ಮಾಡ್ದೇನು? ಇದನ್ನ ಓದಂತ ಕೊಟ್ಟೇನು ನನಗ?"

ಅವ್ವನ ಬೆರಳು ನಿಂತವು. "ಜಳಕದ ಹಾಳಿಯೊಳಗ ಚೀಟಿ ಇರಲಿಲ್ಲೇನು?"

"ಯಾವ ಚೀಟಿ?"

"ಚೀಟಿ ಓದಿಲ್ಲ ನೀ?"

ಡಬ್ಬಿಯ ಸಂಗತಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಇಳಿಯಿತು. ಅವ್ವ ಮೊರವನ್ನು ಪಕ್ಕಕ್ಕಿಟ್ಟಳು. ಅವಳ ಮುಖ ಅಷ್ಟು ಬಾಡಿದ್ದನ್ನು ನಾನು ಅಪ್ಪ ಹೋದ ದಿನ ನೋಡಿದ್ದೆ, ಮತ್ತೆ ಆ ಮಧ್ಯಾಹ್ನ. "ನಾಳಿ ಚರ್ಚ್ ಮುಗಿಸಿ ಬಂದು ಕೂಡೂಣು," ಎಂದಳು.

ಭಾನುವಾರ ಊಟ ಮುಗಿಸಿ ಚಾಪೆ ಹಾಸಿ ಕೂತೆವು. ಡಬ್ಬಿ ಬಗ್ಗಿಸಿದರೆ ಚೀಟಿಗಳ ಗುಡ್ಡೆ. ವಚನದವು, ಪುಸ್ತಕದವು, ಹೆಚ್ಚುಕಡಿಮೆ ಎಲ್ಲ ಒಂದೇ ತರಹ. ಪುಸ್ತಕದ ಚೀಟಿಗಳ ಮೇಲೆ ಪುಟದ ನಂಬರು ಇರಲಿಲ್ಲ. ಯಾಕಿರಬೇಕು, ಅವು ತಮ್ಮ ಪುಟದಲ್ಲೇ ಇದ್ದವಲ್ಲ.

ಚೀಟಿಗಳ ಕತೆಯನ್ನು ಅವ್ವ ಆಗ ಹೇಳಿದಳು. ದವಾಖಾನೆಯ ಡಾಕ್ಟರಮ್ಮ ತಿಂಗಳಿಗೊಮ್ಮೆ ನರ್ಸುಗಳನ್ನೆಲ್ಲ ಕೂರಿಸಿ, ತಾನು ಹೊಸದಾಗಿ ಓದಿದ್ದನ್ನು ಹೇಳಿ, ಇನ್ನು ಮುಂದೆ ಇದನ್ನು ಹೀಗೆ ಮಾಡಿ ಎನ್ನುತ್ತಿದ್ದಳಂತೆ. ಪುಸ್ತಕ ದವಾಖಾನೆಯ ಸ್ವತ್ತು, ಅದರೊಳಗೆ ಪೆನ್ನು ಆಡಿಸುವಂತಿರಲಿಲ್ಲ. ಅದಕ್ಕೆ ನರ್ಸುಗಳು ಚೀಟಿಯಲ್ಲಿ ಬರೆದು ಆಯಾ ಪುಟದೊಳಗೆ ಇಟ್ಟುಕೊಳ್ಳುತ್ತಿದ್ದರು. ಓದುವವರು ಮೊದಲು ಚೀಟಿ ಓದಬೇಕು, ಆಮೇಲೆ ಪುಟ. ಇದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ನನಗೆ ಹೇಳಬೇಕೆಂದು ಅವ್ವನಿಗೂ ಹೊಳೆದಿರಲಿಲ್ಲ.

ನಾನು ಒಂದೊಂದನ್ನೇ ಬಿಚ್ಚಿ ಓದಿದೆ. ವಚನವಾದರೆ ಎಡಕ್ಕೆ. "ಹೊಕ್ಕಳಿಗೆ ಪೌಡರ್ ಬೇಡ, ಸ್ಪಿರಿಟ್ ಹಚ್ಚಬೇಕು."

"ಹೊಕ್ಕಳದ ಚಿತ್ರದ ಎದುರಿನ ಹಾಳಿ. ಅದರೊಳಗ ಇನ್ನೊಂದು ಇರಬೇಕು ನೋಡು."

ಇತ್ತು. ಮಡಿಕೆಯೊಳಗೆ ಇನ್ನೊಂದು ಚೀಟಿ, ಬೇರೆ ಶಾಯಿಯಲ್ಲಿ: "ಸ್ಪಿರಿಟ್ಟೂ ಬೇಡ. ಏನೂ ಹಚ್ಚಬಾರದು. ಒಣಗಿರಬೇಕು." ಹೊಸದೂ ಹಳೆಯದಾಗಿ, ಅದರ ಹೊಟ್ಟೆಯೊಳಗೆ ಮತ್ತೊಂದು ಹೊಸದು ಕೂತಿತ್ತು. ಪುಟ ತೆರೆದು ನೋಡಿದರೆ ಚೀಟಿ ಎಷ್ಟೋ ವರ್ಷ ಕೂತಿದ್ದ ಜಾಗದಲ್ಲಿ ಕಂದು ಬಣ್ಣದ ಚೌಕ ಮೂಡಿತ್ತು. ಅವ್ವ ಹೇಳಿದ ಪುಟದಲ್ಲೆಲ್ಲ ಚೌಕ ಸಿಗುತ್ತಿತ್ತು. ಕಣ್ಣು ಕಾಣದ ಮುದುಕಿ ಒಂದು ಸಲವೂ ತಪ್ಪಲಿಲ್ಲ. ಹೆರಿಗೆಯ ಮುಂಚೆ ಎಲ್ಲರಿಗೂ ಎನಿಮಾ ಕೊಡುವುದು ಬೇಡ. ನೋವು ತಿನ್ನುವವಳನ್ನು ಮಲಗಿಸಿಯೇ ಇಡಬೇಡ, ಓಡಾಡಲಿ. ಕೂಸಿಗೆ ಸಕ್ಕರೆ ನೀರು ಬೇಡ, ಮೊದಲ ತಾಸಿನಲ್ಲೇ ಮೊಲೆಗೆ ಹಾಕು. ಪ್ರತಿಯೊಂದಕ್ಕೂ ಯಾಕೆ ಎಂದು ಅವ್ವ ಹೇಳುತ್ತಿದ್ದಳು. ಅಷ್ಟು ತಿಂಗಳು ನನಗೆ ಹತ್ತದಿದ್ದ ಓದು ಆ ಒಂದು ಮಧ್ಯಾಹ್ನದಲ್ಲಿ ಹತ್ತಿತು.

ಕೊನೆಗೆ ಉಳಿದ ನಾಲ್ಕೈದರಲ್ಲಿ ಒಂದು ಬೇರೆ ಇತ್ತು. ಕಾಗದವಲ್ಲ, ಔಷಧದ ಡಬ್ಬಿಯಿಂದ ಹರಿದ ತೆಳು ರಟ್ಟು. ಪೆನ್ಸಿಲಿನ ಬರಹ. ಬಿಸಿಲಿಗೆ ಹಿಡಿದು ಓದಿದೆ: "ಜಳಕ ಬೇಡ. ನಾನು ಮಾಡಿಸಿದೆ. ಅಷ್ಟೂರು, ಹೆಣ್ಣುಕೂಸು."

ಅವ್ವ ಪುಟ ಹೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಪೊರೆಯ ನೀರೋ ಏನೋ ಎಂದು ನಾನು ಮೊದಲು ಅಂದುಕೊಂಡೆ.

ಅವಳಿಗಾಗ ಇಪ್ಪತ್ನಾಲ್ಕು. ಅಷ್ಟೂರಿನ ಒಂದು ಒಕ್ಕಲಿನ ಮನೆಗೆ ಹೆರಿಗೆಗೆ ಕರೆದಿದ್ದರು. ಇಂಥದೇ ಚಳಿ. ಹೆರಿಗೆ ಸಲೀಸಾಗಿ ಆಯಿತು. ಅವ್ವ ಪುಸ್ತಕದಲ್ಲಿದ್ದ ಹಾಗೆಯೇ ನೀರು ಕಾಯಿಸಿ, ಮೊಳಕೈ ಅದ್ದಿ ನೋಡಿ, ಐದೂ ಚಿತ್ರದಂತೆ ಸ್ನಾನ ಮಾಡಿಸಿದಳು. ಕೂಸಿನ ತುಟಿ ನೀಲಿಯಾಯಿತು. ಎಷ್ಟು ಬಟ್ಟೆ ಸುತ್ತಿದರೂ ಮೈ ಬಿಸಿಯಾಗಲಿಲ್ಲ. ಮರುದಿನ ಬೆಳಿಗ್ಗೆ ಹೋಯಿತು.

"ಯಾರೂ ಬೈಲಿಲ್ಲ ನನಗ," ಎಂದಳು ಅವ್ವ. "ಕೂಸಿನ ಅಜ್ಜಿ ನನಗ ಚಾ ಮಾಡಿ ಕೊಟ್ಟಳು. ಡಾಕ್ಟರಮ್ಮಗ ಹೇಳ್ದೆ. ಅಕೀನೂ ಪುಸ್ತಕ ತಗದು ನೋಡಿ, ನೀ ಸರಿಯಾಗೇ ಮಾಡೀದಿ ಅಂದಳು."

"ಮತ್ತ ಈ ಚೀಟಿ? ಅಕೀ ಹೇಳಿದ್ದಲ್ಲೇನು?"

"ಅಲ್ಲ. ಅಕೀ ಹೇಳಿದ್ದು ಬಹಳ ವರ್ಷದ ಮ್ಯಾಲ, ಹೊಸಾ ಪುಸ್ತಕ ಬಂದ ಮ್ಯಾಲ. ಅಲ್ಲೀತನಕ ನಾ ಒಬ್ಬಾಕೀನೇ ಸುಳ್ಳ ಹೇಳ್ಕೋತ ಬಂದೆ. ಕೂಸಿನ ಜಳಕಾ ಆತೇನು ಅಂತ ಕೇಳಿದ್ರ, ನೀರು ಇನ್ನೂ ಕಾದಿಲ್ರಿ ಅಂತಿದ್ದೆ."

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ನಿನ್ನೆ ಇದೇ ಹೊಸ್ತಿಲಲ್ಲಿ ನಿಂತು ನಾನು ಅವಳನ್ನು ಕೇಳಿದ್ದು ಏನು? ಇಷ್ಟು ವರ್ಷ ಇದನ್ನ ಮಾಡ್ದೇನು ಎಂದು. ಆ ರಟ್ಟನ್ನು ಅವಳು ಯಾರಾದರೂ ಓದಲಿ ಎಂದೇ ಆ ಪುಟದಲ್ಲಿ ಇಟ್ಟಿದ್ದಳು. ನಾನು ಅದನ್ನು ಬಿಚ್ಚದೆ ಡಬ್ಬಿಗೆ ಹಾಕಿದ್ದೆ.

ಅವ್ವ ನನ್ನ ತಲೆ ಸವರಿದಳು. ಆಮೇಲೆ, "ನಿನ್ನ ಹೊಸಾ ಪುಸ್ತಕ ತಾ. ಜಳಕದ್ದು ತಗಿ," ಎಂದಳು.

"ಅದರಾಗ ಸರೀನೇ ಅದ ಅವ್ವಾ."

"ಇರಲಿ. ಒಂದು ಚೀಟಿ ಬರಿ."

"ಏನಂತ ಬರೀಲಿ?"

"ನೀ ಮಾಡಿದ್ದು."

ಸೋಮವಾರ ಎರಡೂ ಪುಸ್ತಕ ಹೊತ್ತು ಭಾಲ್ಕಿಗೆ ಹೋದೆ. ಸಿಸ್ಟರ್ ಹಳೆಯದರ ಆ ಎರಡು ಪುಟ ತೆಗೆದು, ನಿಂತಲ್ಲೇ ರಟ್ಟನ್ನು ಓದಿದಳು. ಎರಡು ಸಲ ಓದಿದಳು ಎಂದು ಕಾಣುತ್ತದೆ. "ಇದನ್ನ ಬರದವ್ರು ಅದಾರೇನ್ರಿ ಇನ್ನಾ?" ಎಂದು ಕೇಳಿದಳು. ಅದಾರ ಎಂದೆ. ರಟ್ಟನ್ನು ಮೊದಲಿನಂತೆ ಮಡಿಸಿ ಕಂದು ಚೌಕದ ಮೇಲೆ ಇಟ್ಟು, ಪುಸ್ತಕ ಮುಚ್ಚಿ ಕೊಟ್ಟಳು. "ಕೈ ತೊಳಕೊಂಡು ಬರ್ರಿ. ಮೂರನೇ ಬೆಡ್ಡಿನಾಕೀಗೆ ನೋವು ಹೆಚ್ಚಾಗ್ಯಾವ." ಅವಳಿಗೆ ಹುಟ್ಟಿದ ಕೂಸನ್ನು ಒರೆಸಿ ತಾಯಿಯ ಎದೆಗೆ ಹಾಕಿದವಳು ನಾನು. ಸಹಿ ಸಿಕ್ಕಿತು, ಮುಂದೆ ಕೋರ್ಸೂ ಮುಗಿಯಿತು.

ಈಗ ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಅವ್ವನ ಕಣ್ಣಿನ ಆಪರೇಶನ್ ಆಗಿ ಅವಳು ಮತ್ತೆ ಓದುತ್ತಾಳೆ, ನನ್ನ ಅಕ್ಷರ ಕೆಟ್ಟದಾಗಿದೆ ಎಂದು ಬೈಯುತ್ತಾಳೆ. ಇಟ್ಟಿಗೆಯಷ್ಟು ದಪ್ಪದ ನನ್ನ ಹೊಸ ಪುಸ್ತಕಕ್ಕೂ ಆಗಲೇ ಹದಿನಾಲ್ಕು ಚೀಟಿಗಳಾಗಿವೆ. ಹೋದ ತಿಂಗಳು ತರಬೇತಿಗೆ ಬಂದ ಹುಡುಗಿಯೊಬ್ಬಳು ಅದನ್ನು ಓದಲು ಕೇಳಿದಳು. ಮೊದಲು ಚೀಟಿ, ಆಮೇಲೆ ಪುಟ ಎಂದು ಹೇಳಿಯೇ ಕೊಟ್ಟೆ. ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಒಂದನ್ನು ಬಿಚ್ಚಿ ಗಟ್ಟಿಯಾಗಿ ಓದಿದಳು: "ನೀರು ಕಾಯಿಸಿ ಇಟ್ಟಿದ್ದೆ. ಭಾಲ್ಕಿ, ಗಂಡುಕೂಸು." ಮತ್ತೊಮ್ಮೆ ಓದಿ ನನ್ನ ಮುಖ ನೋಡಿದಳು.

"ಇದು ಯಾರ್ರಿ ಅಕ್ಕಾ, ನೀರು ಕಾಯಿಸಿದಾಕಿ?"

"ನಾನೇ ತಂಗೀ," ಎಂದೆ.